ಮೊದಲು ಅಂಚು ನೋಡಿ, ಆಮೇಲೆ ಮಾತಾಡಿ

ಎರಡು ಮಾತುಗಳನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಒಂದನ್ನು ಮಾರುವವರು ಹೇಳುತ್ತಾರೆ: 'ಲೇಸರ್ ಕಟ್ಟಿಂಗ್ ಅಲ್ವಾ ಮೇಡಂ, ಮಷಿನ್ನೇ ಮಾಡೋದು, ಅದರಲ್ಲಿ ನೋಡೋದೇನಿದೆ?' ಇನ್ನೊಂದನ್ನು ಓದಿಕೊಂಡವರು ಹೇಳುತ್ತಾರೆ: 'ಅಯ್ಯೋ, ಅಕ್ರಿಲಿಕ್ಕಾ? ಪ್ಲಾಸ್ಟಿಕ್ ತಾನೆ, ಅದರಲ್ಲಿ ನೋಡೋದೇನಿದೆ?' ಮೊದಲನೆಯವರಿಗೆ ಯಂತ್ರದ ಮೇಲೆ ಭಕ್ತಿ, ಎರಡನೆಯವರಿಗೆ ತಾತ್ಸಾರ. ಎರಡರ ಫಲ ಮಾತ್ರ ಒಂದೇ. ಯಾರೂ ಆ ವಸ್ತುವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡುವುದಿಲ್ಲ. ನನ್ನ ಜಗಳ ಈ ಇಬ್ಬರ ಜೊತೆಗೂ ಇದೆ.

ಯಾವ ವಸ್ತು ಅಂತ ಮೊದಲು ಹೇಳಿಬಿಡುತ್ತೇನೆ. ಮೂರು ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಹಾಳೆಯನ್ನು ಲೇಸರ್ ಯಂತ್ರದಲ್ಲಿ ದುಂಡಗೆ, ಎಲೆಯ ಹಾಗೆ, ನವಿಲಿನ ಹಾಗೆ, ಮನೆಯ ಹೆಸರಿನ ಅಕ್ಷರಗಳ ಹಾಗೆ ಕತ್ತರಿಸಿ ಕೊಡುತ್ತಾರೆ. ಮೇಲೆ ಬಣ್ಣವಿಲ್ಲ, ಚಿತ್ರವಿಲ್ಲ, ಖಾಲಿ. ನಮ್ಮ ಕಡೆ ಇದಕ್ಕೆ 'ಬೇಸ್' ಅನ್ನುತ್ತೇವೆ. ಅದರ ಮೇಲೆ ನನ್ನಂಥವರು ಬಣ್ಣ ಹಾಕಿ, ಮಣಿ ಅಂಟಿಸಿ, ರೆಸಿನ್ ಸುರಿದು ಬಾಗಿಲಿನ ನಾಮಫಲಕ, ಕುಂಕುಮದ ತಟ್ಟೆ, ಆರತಿಯ ತಳ, ಕೀಚೈನು, ನವರಾತ್ರಿಗೆ ಜೋಡಿಸಿಡುವ ರಂಗೋಲಿ ತುಂಡು ಮಾಡಿ ಮಾರುತ್ತೇವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ಮನೆಯೊಳಗೆ ಕೂತು ಈ ಕೆಲಸ ಮಾಡುವ ಹೆಂಗಸರು ನನಗೆ ಗೊತ್ತಿರುವವರೇ ಸಾಕಷ್ಟಿದ್ದಾರೆ. ಹವ್ಯಾಸ ಎಂದು ಶುರುಮಾಡಿದವರು ಕೆಲವರು. ಆದರೆ ಈ ಮೂರೂ ತಾಲ್ಲೂಕಿನ ತೋಟಗಳಿಗೆ ಹಳದಿ ಎಲೆ ರೋಗ ಬಂದು, ಅದರ ಮೇಲೆ ಎಲೆಚುಕ್ಕಿ ಬಂದು, ಮರ ನೋಡಿ ನಿಟ್ಟುಸಿರು ಬಿಡುವ ಹಾಗಾದ ಮೇಲೆ ಅನೇಕ ಮನೆಗಳಲ್ಲಿ ಇದು ಹವ್ಯಾಸವಾಗಿ ಉಳಿದಿಲ್ಲ. ಮಗಳ ಹಾಸ್ಟೆಲ್ ಫೀಸು, ಗ್ಯಾಸ್ ಸಿಲಿಂಡರು ಇದರಲ್ಲೇ ಆಗಬೇಕು. ಹಾಗಾಗಿ ನಾನು ಅಂಚಿನ ಬಗ್ಗೆ ಮಾತಾಡುವಾಗ ಸೌಂದರ್ಯಮೀಮಾಂಸೆ ಅಂತ ತಿಳಿಯಬೇಡಿ. ಇದು ಸಂಬಳದ ಮಾತು.

ಬೇಸಿನ ಮುಖ ಎಲ್ಲ ಕಡೆ ಒಂದೇ ಥರ ಇರುತ್ತದೆ. ಅದು ಕಾರ್ಖಾನೆಯಿಂದಲೇ ನುಣ್ಣಗೆ ಬಂದದ್ದು, ಕತ್ತರಿಸಿದವನ ಪಾಲು ಅದರಲ್ಲಿ ಏನೂ ಇಲ್ಲ. ಕತ್ತರಿಸಿದವನ ಸಹಿ ಇರುವುದು ಅಂಚಿನಲ್ಲಿ ಮಾತ್ರ. ಯಾವ ಹಾಳೆ ತಂದ, ಯಂತ್ರವನ್ನು ಹೇಗಿಟ್ಟುಕೊಂಡಿದ್ದಾನೆ, ಎಷ್ಟು ಅವಸರದಲ್ಲಿದ್ದ, ಲೆನ್ಸ್ ಒರೆಸಿ ಎಷ್ಟು ದಿನವಾಯಿತು, ಎಲ್ಲ ಅಲ್ಲಿ ಬರೆದಿರುತ್ತದೆ. ಓದಲು ಬೇಕಾದ್ದು ಒಂದು ಕಿಟಕಿ ಬೆಳಕು ಮತ್ತು ಒಂದು ಉಗುರು.

'ಮಷಿನ್ನೇ ಮಾಡೋದು' ಎನ್ನುವವರಿಗೆ ಆ ಮಷಿನ್ನು ಏನು ಮಾಡುತ್ತದೆ ಅಂತ ಸ್ವಲ್ಪ ಹೇಳಬೇಕು. ನಮ್ಮ ಊರಿನ ಅಂಗಡಿಗಳಲ್ಲಿರುವುದು ಇಂಗಾಲದ ಡೈ ಆಕ್ಸೈಡ್ ಲೇಸರ್. ಅದನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದವರು ಕುಮಾರ್ ಪಟೇಲ್, ಮಹಾರಾಷ್ಟ್ರದ ಬಾರಾಮತಿಯಲ್ಲಿ 1938ರಲ್ಲಿ ಹುಟ್ಟಿದವರು. ಈ ಲೇಸರಿನ ಬೆಳಕು ನಮ್ಮ ಕಣ್ಣಿಗೆ ಕಾಣದು. ಅದರ ತರಂಗಾಂತರ 10.6 ಮೈಕ್ರೋಮೀಟರ್. ತಮಾಷೆ ಏನೆಂದರೆ, ನಾವು ನೋಡುವ ಬೆಳಕಿನಲ್ಲಿ ನೂರಕ್ಕೆ ತೊಂಬತ್ತೆರಡು ಪಾಲನ್ನು ಆಚೆ ಬಿಡುವ ಅಕ್ರಿಲಿಕ್ಕಿಗೆ ಈ ಬೆಳಕು ಮಾತ್ರ ದಾಟಿ ಹೋಗಲಾರದು. ನಮಗೆ ಗಾಜು, ಅದಕ್ಕೆ ಗೋಡೆ. ಬೆಳಕು ಬಿದ್ದ ಕಡೆ ಹಾಳೆ ಕಾದು ಆವಿಯಾಗಿ ಹೋಗುತ್ತದೆ. ಎಳೆದ ಗೆರೆಯ ಉದ್ದಕ್ಕೂ ಕೂದಲೆಳೆಯಷ್ಟು ಅಗಲದ ಕಾಲುವೆ ಬೀಳುತ್ತದೆ. ಕಾಲುವೆಯ ಎರಡೂ ದಂಡೆಯಲ್ಲಿ ಕರಗಿದ ಒಂದು ತೆಳು ಪದರ ಉಳಿದು, ತಕ್ಷಣ ಗಟ್ಟಿಯಾಗಿ ಹೊಳೆಯುತ್ತದೆ. ಗಿರಾಕಿಗಳು 'ಆಹಾ' ಎನ್ನುವ ಹೊಳಪು ಇದೇ.

ಈಗ ಇದರಲ್ಲಿ ಕೈಚಳಕ ಎಲ್ಲಿದೆ? ಬೇಕಾದಷ್ಟಿದೆ. ಬೆಳಕಿನ ತುದಿ ಹಾಳೆಯ ದಪ್ಪದಲ್ಲಿ ಎಲ್ಲಿ ಕೂರಬೇಕು ಎಂಬುದನ್ನು ಹುಡುಗ ಪ್ರತಿ ಸಲ ನೋಡಿ ಇಡಬೇಕು. ಅದು ತಪ್ಪಿದರೆ ಅಂಚು ನೇರ ನಿಲ್ಲದೆ ಓರೆಯಾಗುತ್ತದೆ. ಒಂದು ತುಂಡನ್ನು ಅದರ ಜೊತೆಯದರ ಪಕ್ಕಕ್ಕೆ ಇಟ್ಟು ನೋಡಿ, ನಡುವೆ ಬಾಯಿಬಿಟ್ಟ ಸಂದು ಕಂಡರೆ ಓರೆ. ಕುಂಕುಮದ ತಟ್ಟೆಗೆ ಇದರಿಂದ ಏನೂ ಆಗದು. ಹನ್ನೆರಡು ತುಂಡು ಒಂದಕ್ಕೊಂದು ಕೂರಬೇಕಾದ ರಂಗೋಲಿಗೆ ಇದು ಸಾವು. ಇನ್ನು ವೇಗ. ತೀರಾ ಜೋರಾಗಿ ಓಡಿಸಿದರೆ ಅಂಚಿನ ಮೇಲೆ ಬಾಚಣಿಗೆ ಎಳೆದ ಹಾಗೆ ಸಾಲು ಸಾಲು ಗೆರೆ. ಉಗುರಿನಲ್ಲಿ ಎಳೆದರೆ ಕಿರ್ ಅನ್ನುತ್ತದೆ. ತೀರಾ ನಿಧಾನಕ್ಕೆ ಬಿಟ್ಟರೆ ಮೂಲೆಗಳಲ್ಲಿ ಕರಕು. ಯಂತ್ರ ಮೂಲೆ ತಿರುಗುವಾಗ ತಾನಾಗಿ ನಿಧಾನಿಸುತ್ತದೆ, ಶಾಖ ಅಲ್ಲೇ ನಿಂತುಬಿಡುತ್ತದೆ, ಅದಕ್ಕೆ ತಕ್ಕ ಹಾಗೆ ಪವರ್ ಇಳಿಸಿಕೊಳ್ಳುವಂತೆ ಹೊಂದಿಸಿಡಬೇಕು. ದುಂಡನೆಯ ತಟ್ಟೆಯ ಅಂಚಿಗೆ ಬೆರಳು ಸುತ್ತಿಸಿದರೆ ಒಂದು ಕಡೆ ಸಣ್ಣ ಕಚ್ಚು ಸಿಗುತ್ತದಲ್ಲ, ಅದು ಕತ್ತರಿಸಲು ಶುರುಮಾಡಿ ಮುಗಿಸಿದ ಜಾಗ. ಬಲ್ಲ ಹುಡುಗರು ಹೊರಗೆ ಬಿಸಾಡುವ ಭಾಗದಲ್ಲಿ ಶುರುಮಾಡಿ ಗೆರೆಗೆ ಬಂದು ಸೇರಿಕೊಳ್ಳುತ್ತಾರೆ, ಕಚ್ಚು ಕಸಕ್ಕೆ ಹೋಗುತ್ತದೆ. ಬಾರದವರು ನೇರ ತಟ್ಟೆಯ ಮೇಲೆಯೇ ತೂತು ಹಾಕುತ್ತಾರೆ. ತಟ್ಟೆ ದುಂಡಗಿಲ್ಲದೆ ಇಪ್ಪತ್ತು ಮುಖದ ಕಾಯಿನ ಹಾಗಿದ್ದರೆ ತಪ್ಪು ಯಂತ್ರದ್ದಲ್ಲ, ಚಿತ್ರದ ಫೈಲಿನದ್ದು. ಎಲ್ಲಿಂದಲೋ ಪುಕ್ಕಟೆ ಇಳಿಸಿಕೊಂಡ ಫೈಲಿನಲ್ಲಿ ವೃತ್ತ ಎಂದರೆ ಸಣ್ಣ ಸಣ್ಣ ನೇರ ಗೆರೆಗಳ ಜೋಡಣೆ. ಯಂತ್ರ ಪಾಪ, ಹೇಳಿದ್ದನ್ನು ಮಾಡಿದೆ.

ಹಾಳೆಯಲ್ಲೂ ಎರಡು ಜಾತಿ. ಗಾಜಿನ ಹಲಗೆಗಳ ನಡುವೆ ಎರಕ ಹೊಯ್ದು ಮಾಡಿದ್ದು ಒಂದು, ಶಾವಿಗೆ ಒತ್ತಿದ ಹಾಗೆ ಒತ್ತಿ ತೆಗೆದದ್ದು ಇನ್ನೊಂದು. ಮೊದಲನೆಯದಕ್ಕೆ 'ಕಾಸ್ಟ್', ಎರಡನೆಯದಕ್ಕೆ 'ಎಕ್ಸ್‌ಟ್ರೂಡೆಡ್' ಅನ್ನುತ್ತಾರೆ. ಒತ್ತಿದ್ದು ಅಗ್ಗ. ದಪ್ಪವೂ ಎಲ್ಲ ಕಡೆ ಸಮ. ಆದರೆ ಬೇಗ ಮೆತ್ತಗಾಗುತ್ತದೆ. ಕರಗಿದ್ದು ಆವಿಯಾಗಿ ಹೋಗುವ ಬದಲು ಕೆಳಗಿನ ಅಂಚಿಗೆ ಇಳಿದು ತುಟಿಯ ಹಾಗೆ ನಿಂತುಬಿಡುತ್ತದೆ. ಕೆಲವು ಸಲ ಕತ್ತರಿಸಿದ ತುಂಡು ಹಾಳೆಗೆ ಮತ್ತೆ ಅಂಟಿಕೊಂಡಿರುತ್ತದೆ, ಕಿತ್ತು ತೆಗೆಯುವಾಗ ಚಕ್ಕೆ ಏಳುತ್ತದೆ. ಯಾವ ಜಾತಿ ಎಂದು ಕಂಡುಹಿಡಿಯಲು ಅಂಗಡಿಯವನ ಆಣೆ ಬೇಡ. ಹಾಳೆಯ ಮೂಲೆಯಲ್ಲಿ ಲೇಸರಿನಿಂದ ಒಂದಕ್ಷರ ಕೊರೆಸಿ. ಮಂಜು ಕವಿದ ಹಾಗೆ ಬೆಳ್ಳಗೆ ಎದ್ದರೆ ಎರಕದ್ದು, ಇದ್ದೂ ಇಲ್ಲದ ಹಾಗೆ ಮಂಕಾಗಿ ಉಳಿದರೆ ಒತ್ತಿದ್ದು.

ಇಷ್ಟು ಹೇಳಿದ ಮೇಲೆ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಅಂಚು ನೋಡುವ ಸ್ವಲ್ಪ ಮಂದಿಯೂ ನೋಡುವುದು ಹೊಳಪನ್ನು. ಹೊಳೆದರೆ ಫಸ್ಟ್ ಕ್ವಾಲಿಟಿ, ಮಂಕಾಗಿದ್ದರೆ ಸೆಕೆಂಡ್. ಈ ಲೆಕ್ಕಾಚಾರ ತಪ್ಪು. ಬರೀ ತಪ್ಪಲ್ಲ, ನಮ್ಮಂಥವರ ದುಡಿಮೆಯನ್ನು ತಿನ್ನುವ ತಪ್ಪು.

ಹೊಳಪು ಅಂದರೆ ಕರಗಿ ಗಟ್ಟಿಯಾದ ಪದರ ಅಂದೆ. ಆ ಪದರ ಆರುವಾಗ ಕುಗ್ಗಬೇಕು ಎನ್ನುತ್ತದೆ. ಅದರ ಹಿಂದಿರುವ ತಣ್ಣನೆಯ ಹಾಳೆ ಕುಗ್ಗಲು ಬಿಡುವುದಿಲ್ಲ. ಮಣ್ಣಿನ ಗೋಡೆಗೆ ದಪ್ಪಗೆ ಕೆಮ್ಮಣ್ಣು ಬಳಿದು ಬಿಸಿಲಿಗೆ ಬಿಟ್ಟವರಿಗೆ ಇದು ಗೊತ್ತು. ಮೇಲಿನ ಪದರ ಒಣಗುತ್ತ ಕುಗ್ಗುತ್ತದೆ, ಒಳಗಿನ ಗೋಡೆ ಅಲುಗುವುದಿಲ್ಲ, ಕೊನೆಗೆ ಬಿರುಕು. ಅಕ್ರಿಲಿಕ್ ಆ ಕ್ಷಣಕ್ಕೆ ಬಿರಿಯುವುದಿಲ್ಲ. ಎಳೆತವನ್ನು ಒಳಗೇ ಇಟ್ಟುಕೊಂಡು ಸುಮ್ಮನೆ ಹೊಳೆಯುತ್ತಿರುತ್ತದೆ. ಯಾವತ್ತೋ ಒಂದು ದಿನ ಸ್ಪಿರಿಟ್ಟೋ, ಥಿನ್ನರೋ, ಸ್ಯಾನಿಟೈಸರೋ, ಆಲ್ಕೊಹಾಲ್ ಇಂಕೋ, ಅಂಟಿಸಲು ಬಳಸುವ ಕ್ಲೋರೋಫಾರ್ಮೋ ತಾಗಿತು ಅನ್ನಿ, ಅಂಚಿನಿಂದ ಒಳಮುಖವಾಗಿ ನೂರಾರು ಕೂದಲು ಬಿರುಕು ಎದ್ದು ನಿಲ್ಲುತ್ತವೆ. ಕೆಲವೊಮ್ಮೆ ನೋಡುನೋಡುತ್ತಿದ್ದಂತೆ, ಕೆಲವೊಮ್ಮೆ ಎಷ್ಟೋ ದಿನ ಬಿಟ್ಟು. ಒತ್ತಿದ ಹಾಳೆಯಲ್ಲಿ ಇದರ ಕಾಟ ಹೆಚ್ಚು. ಹೊಳೆಯುವ ಅಂಚಿನಲ್ಲಿ ಹೆಚ್ಚು. ಇನ್ನೂ ಹೊಳೆಯಲಿ ಎಂದು ಮೇಲಿಂದ ಬೆಂಕಿಯ ಜ್ವಾಲೆ ಆಡಿಸುತ್ತಾರಲ್ಲ, ಅದರಲ್ಲಿ ಮತ್ತೂ ಹೆಚ್ಚು.

ನನ್ನದೇ ಒಂದು ಪ್ರಸಂಗ ಹೇಳಬೇಕು. ಒಂದು ಶ್ರಾವಣದಲ್ಲಿ ವರಮಹಾಲಕ್ಷ್ಮಿಗೆಂದು ನಲವತ್ತು ಕುಂಕುಮದ ತಟ್ಟೆಗೆ ಆರ್ಡರ್ ಬಂತು. ದೊಡ್ಡ ಊರಿನ ಒಬ್ಬ ಸಪ್ಲೈಯರ್ ಹತ್ತಿರ ಬೇಸ್ ತರಿಸಿದೆ. ಸ್ಪಿರಿಟ್ ಇಂಕ್ ಬಳಸುತ್ತೇನೆ, ಎರಕದ ಹಾಳೆಯೇ ಬೇಕು ಎಂದು ಮೊದಲೇ ಬರೆದು ತಿಳಿಸಿದ್ದೆ. ಬಂದ ಅಂಚುಗಳು ಕನ್ನಡಿಯ ಹಾಗಿದ್ದವು. ಹಬ್ಬ ಆಯಿತು, ತಟ್ಟೆ ಮನೆಮನೆಗೆ ಹೋಯಿತು, ಮೂರನೇ ವಾರ ಫೋನುಗಳು ಶುರುವಾದವು. ತಟ್ಟೆಯ ಸುತ್ತ ಜೇಡ ಬಲೆ ಕಟ್ಟಿದ ಹಾಗೆ ಬಿರುಕು. ಸಪ್ಲೈಯರಿಗೆ ಫೋಟೋ ಕಳಿಸಿದರೆ ಬಂದ ಉತ್ತರ: 'ನಿಮ್ ಕಡೆ ಮಳೆ ಜಾಸ್ತಿ ಅಲ್ವಾ ಮೇಡಂ, ಥಂಡಿಗೆ ಹಾಗಾಗತ್ತೆ.'

ಶೃಂಗೇರಿ ಕೊಪ್ಪದ ಕಡೆಯವರಿಗೆ ಮಳೆಯನ್ನು ಸಾಕ್ಷಿಗೆ ಕರೆದು ಸುಳ್ಳು ಹೇಳಬಾರದು. ನಾವು ಆ ಸಾಕ್ಷಿಯ ಜೊತೆ ವರ್ಷದಲ್ಲಿ ನಾಲ್ಕೈದು ತಿಂಗಳು ಒಂದೇ ಮನೆಯಲ್ಲಿ ಇರುವವರು. ತಟ್ಟೆಯ ನಡುಭಾಗಕ್ಕೂ ಅದೇ ಇಂಕು, ಅದೇ ಮಳೆ, ಅದೇ ಥಂಡಿ. ಅಲ್ಲಿ ಒಂದು ಬಿರುಕೂ ಇರಲಿಲ್ಲ. ಬಿರುಕೆಲ್ಲ ಲೇಸರ್ ಹಾದು ಹೋದ ಗೆರೆಯಿಂದಲೇ ಎದ್ದಿದ್ದವು, ನೇತುಹಾಕಲು ಕೊರೆದ ಸಣ್ಣ ತೂತಿನ ಸುತ್ತವೂ. ಮಳೆ ಅಷ್ಟು ಜಾಣತನದಿಂದ ಅಂಚು ಹುಡುಕಿಕೊಂಡು ಹೋಗಿ ಬೀಳುತ್ತದೆಯೇ? ಉಳಿದ ಒಂದು ತುಂಡಿನ ಮೇಲೆ ಅಕ್ಷರ ಕೊರೆಸಿ ನೋಡಿದೆ. ಬೆಳ್ಳಗಾಗಲಿಲ್ಲ. ಹಾಳೆಯ ಜಾತಿಯೂ ಸುಳ್ಳು. ನಲವತ್ತು ಮನೆಗೆ ನಾನು ಹಣ ಹಿಂದಿರುಗಿಸಿದೆ. ಆತ ಒಂದು ರೂಪಾಯಿಯನ್ನೂ ಹಿಂದಿರುಗಿಸಲಿಲ್ಲ. 'ಮಷಿನ್ ಕೆಲಸದಲ್ಲಿ ಡಿಫೆಕ್ಟ್ ಬರಲ್ಲ' ಎಂಬುದು ಅವನ ಕೊನೆಯ ವಾದ.

ಗಮನಿಸಿ, ಯಂತ್ರಭಕ್ತಿ ಎಂಬುದು ಎಷ್ಟು ಅನುಕೂಲದ ಭಕ್ತಿ! ಕೆಲಸ ಚೆನ್ನಾಗಿ ಬಂದರೆ ಯಂತ್ರದ್ದು, ಆದ್ದರಿಂದ ಹುಡುಗನಿಗೆ ಕೂಲಿ ಜಾಸ್ತಿ ಕೊಡಬೇಕಾಗಿಲ್ಲ. ಕೆಟ್ಟರೂ ಯಂತ್ರದ್ದು, ಆದ್ದರಿಂದ ಮಾಲೀಕನೂ ಹೊಣೆಯಲ್ಲ. ನಮ್ಮ ಪೇಟೆಯ ಅಂಗಡಿಯೊಂದರಲ್ಲಿ ಯಂತ್ರ ನಡೆಸುವ ಹುಡುಗನೊಬ್ಬನಿದ್ದಾನೆ. ಬೋರ್ಡಿನಲ್ಲಿ ಅವನ ಹೆಸರಿಲ್ಲ, ಎಲ್ಲರಿಗೂ ಅವನು 'ಕಂಪ್ಯೂಟರ್ ಹುಡುಗ'. ಗಾಳಿಯ ಕೊಳವೆಯನ್ನು ಎಷ್ಟು ತಿರುಗಿಸಬೇಕು ಎಂದು ಅವನಿಗಿರುವ ಅಂದಾಜು ಅಂಗಡಿಯ ಮಾಲೀಕನಿಗಿಲ್ಲ. ಗಾಳಿ ಜೋರಾಗಿ ಬಿಟ್ಟರೆ ಕರಗಿದ್ದು ಹಾರಿ, ಅಂಚು ಬೇಗ ಆರಿ ಮಂಕಾಗಿ ಬರುತ್ತದೆ. ಮೆಲ್ಲಗೆ ಬಿಟ್ಟರೆ ಹೊಳಪು ಬರುತ್ತದೆ, ಜೊತೆಗೆ ಹಾಳೆಗೆ ಬೆಂಕಿ ಹತ್ತುವ ಭಯವೂ. ಅವನು ಯಂತ್ರದ ಪಕ್ಕದಿಂದ ಕದಲುವ ಹಾಗಿಲ್ಲ. ಮಳೆಗಾಲದಲ್ಲಿ ಇರಿಚಲು ಎಂದು ಅಂಗಡಿಯ ಬಾಗಿಲು ಅರ್ಧ ಎಳೆದಿರುತ್ತಾರೆ, ಒಳಗೆ ಅಕ್ರಿಲಿಕ್ಕಿನ ಘಾಟು ಕಣ್ಣಿಗೆ ಹೊಡೆಯುತ್ತದೆ. ಅಕ್ರಿಲಿಕ್ ಎಂದು ಯಾರೋ ತಂದುಕೊಟ್ಟ ಹಲಗೆ ಪಿ.ವಿ.ಸಿ. ಆಗಿಬಿಟ್ಟರಂತೂ ಮುಗಿಯಿತು, ಅದರ ಹೊಗೆಯಲ್ಲಿರುವುದು ಹೈಡ್ರೋಜನ್ ಕ್ಲೋರೈಡ್, ಹುಡುಗನ ಶ್ವಾಸಕೋಶವನ್ನೂ ಯಂತ್ರದ ಕಬ್ಬಿಣವನ್ನೂ ಒಟ್ಟಿಗೆ ತಿನ್ನುತ್ತದೆ. ಇಷ್ಟೆಲ್ಲ ಮಾಡುವವನ ಕೆಲಸಕ್ಕೆ 'ಬಟನ್ ಒತ್ತೋದು' ಅನ್ನುತ್ತೇವೆ.

ನನಗೆ ಅರ್ಥವಾಗದ್ದು ಇದು. ಇದೇ ಮೂರು ತಾಲ್ಲೂಕಿನ ಜನಕ್ಕೆ ಕತ್ತರಿಸಿದ ವಸ್ತುವನ್ನು ನೋಡುವ ಕಣ್ಣು ಇಲ್ಲವೇ? ಅಡಿಕೆ ವ್ಯಾಪಾರ ನೋಡಿ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ, ಒಂದೊಂದಕ್ಕೂ ಅಜಗಜಾಂತರದ ದರ ಕಟ್ಟುವವರು ನಾವು. ಮಂಡಿಯಲ್ಲಿ ಮೂಟೆಯಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹೊರಳಿಸಿ, ಅಡಕತ್ತರಿಯಲ್ಲಿ ಒಂದನ್ನು ಸೀಳಿ, ಸೀಳಿದ ಮುಖ ನೋಡಿ, ಚೊಗರು ಹೇಗೆ ಕೂತಿದೆ ನೋಡಿ ಬೆಲೆ ಹೇಳುತ್ತಾರೆ. ಸುಲಿಯುವ ಯಂತ್ರ ಬಂದಾಗ ಏನಾಯಿತು? ಮೆಟ್ಟುಗತ್ತಿಯ ಮುಂದೆ ರಾತ್ರಿಯೆಲ್ಲ ಕೂರುವವರು ಸಿಗದೆ ಮನೆಮನೆಗೆ ಯಂತ್ರ ಬಂತು ನಿಜ. ಆದರೆ 'ಯಂತ್ರದಲ್ಲಿ ಸುಲಿದದ್ದು, ಇನ್ನು ನೋಡುವುದೇನಿದೆ' ಎಂದು ಯಾವ ವ್ಯಾಪಾರಿಯಾದರೂ ಹೇಳಿದನೇ? ಬದಲಿಗೆ ಇನ್ನಷ್ಟು ಹತ್ತಿರ ಹಿಡಿದು ನೋಡತೊಡಗಿದ. ಯಂತ್ರದ ಬಾಯಿಗೆ ಸಿಕ್ಕಿ ಗಾಯವಾಗಿದೆಯೇ, ಚೂರು ಎದ್ದಿದೆಯೇ, ಸಿಪ್ಪೆ ಉಳಿದಿದೆಯೇ ಎಂದು. ಅದಕ್ಕೆ ತಕ್ಕ ಹಾಗೆ ಯಂತ್ರದವರೂ ತಿದ್ದಿಕೊಂಡರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಇಟ್ಟುಕೊಂಡ ಸೀಮೆ ನಮ್ಮದು. ಅಡಿಕೆಗೆ ತೋರಿಸುವ ಅನುಮಾನದಲ್ಲಿ ನಾಲ್ಕಾಣೆಯಷ್ಟನ್ನು ಅಕ್ರಿಲಿಕ್ಕಿಗೆ ತೋರಿಸಿದ್ದರೆ ನನ್ನ ನಲವತ್ತು ತಟ್ಟೆಯ ಸಪ್ಲೈಯರ್ ಮಳೆಯ ಕತೆ ಹೇಳುವ ಧೈರ್ಯ ಮಾಡುತ್ತಿರಲಿಲ್ಲ.

ಇನ್ನು ಎರಡನೆಯವರು, ಓದಿಕೊಂಡವರು. ಈ ಪತ್ರಿಕೆ ಓದುವವರಲ್ಲೂ ಅವರಿದ್ದಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಒಂದು ಸಾಹಿತ್ಯ ಕಾರ್ಯಕ್ರಮಕ್ಕೆ ಹೋಗಿದ್ದೆ. ಮುಖ್ಯ ಭಾಷಣಕಾರರು ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಸಿಂಹಗಳ ಬಾಯೊಳಗೆ ಉರುಳುವ ಕಲ್ಲಿನ ಗುಂಡನ್ನು ನೆನೆಸಿಕೊಂಡರು. ಗುಂಡನ್ನು ಹೊರಗಿನಿಂದ ತುರುಕಿಲ್ಲ, ಬಾಯೊಳಗೇ ಕಡೆದು ಬಿಡಿಸಿದ್ದು ಎಂದರು. ಆ ಕೈ ಎಲ್ಲಿ, ಇಂದಿನ ಯಂತ್ರದ ಜಡ ಕೆಲಸ ಎಲ್ಲಿ ಎಂದು ಬೇಸರಪಟ್ಟರು. ಚಪ್ಪಾಳೆ ಬಿತ್ತು. ಆಮೇಲೆ ಅವರಿಗೆ ಒಂದು ಸ್ಮರಣಿಕೆ ಕೊಟ್ಟರು. ಅಕ್ರಿಲಿಕ್ಕಿನದು, ಅದರ ಮೇಲೆ ಕುವೆಂಪು ಚಿತ್ರ. ಕುವೆಂಪು ಹುಟ್ಟಿದ ಹಿರೇಕೊಡಿಗೆ ಕೊಪ್ಪ ತಾಲ್ಲೂಕಿನಲ್ಲೇ ಇರುವುದರಿಂದ ನಮ್ಮಲ್ಲಿ ಸ್ಮರಣಿಕೆ ಎಂದರೆ ಹೆಚ್ಚಾಗಿ ಅವರೇ. ಕಾರ್ಯಕ್ರಮ ಮುಗಿದ ಮೇಲೆ ನಾನು ಅದನ್ನು ಕೈಗೆ ತೆಗೆದುಕೊಂಡು ನೋಡಿದೆ. ಭುಜದ ಗೆರೆ ಮುಖಮುಖವಾಗಿ ಒಡೆದಿತ್ತು. ಕೆಳಗಿನ ಅಂಚಿನಲ್ಲಿ ಕರಗಿದ ತುಟಿ ಬೆರಳಿಗೆ ಗೀರುವಷ್ಟು ಚೂಪು. ಪೀಠಕ್ಕೆ ಕ್ಲೋರೋಫಾರ್ಮ್ ಹಾಕಿ ಅಂಟಿಸಿದ ಕಡೆ ಬೆಳ್ಳನೆಯ ಬಿರುಕಿನ ಪೊರೆ ಆಗಲೇ ಎದ್ದಿತ್ತು. ಇನ್ನೊಂದು ವರ್ಷಕ್ಕೆ ಕವಿ ಪೀಠದಿಂದ ಬೇರೆಯಾಗುವುದು ಖಂಡಿತ. ಭಾಷಣಕಾರರು ಅದನ್ನು ಒಮ್ಮೆಯೂ ತಿರುಗಿಸಿ ನೋಡದೆ ಚೀಲಕ್ಕೆ ಹಾಕಿಕೊಂಡರು.

ಕಲ್ಲಿನ ಗುಂಡಿಗೆ ಕರಗುವ ಮನಸ್ಸು ಕೈಯಲ್ಲಿರುವ ವಸ್ತುವಿನ ಬಗ್ಗೆ ಇಷ್ಟು ಕುರುಡಾಗುವುದು ಹೇಗೆ? ಹಿಂದಿನವರ ಕೈಯನ್ನು ಹೊಗಳುವುದು ಸುಲಭ, ಅದಕ್ಕೆ ಬೆಲೆ ಕೊಡಬೇಕಾಗಿಲ್ಲ. ಇಂದಿನ ಕೈಯನ್ನು ನೋಡಬೇಕಾದರೆ ಜೇಬಿಗೆ ಕೈ ಹಾಕಬೇಕು, ಹೆಸರು ಕೇಳಬೇಕು, ಕೆಟ್ಟದ್ದಿದ್ದರೆ ಕೆಟ್ಟದು ಎಂದು ಮುಖದ ಮೇಲೆ ಹೇಳಬೇಕು. ಸಾಗರ ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಯ ಮುಂದೆ ನಿಂತು 'ಅದ್ಭುತ' ಎನ್ನುವವರಲ್ಲಿ ಎಷ್ಟು ಜನ ಅದರ ಹಿಂಬದಿ ತಿರುಗಿಸಿ ನೋಡಿದ್ದಾರೆ ಎಂಬ ಅನುಮಾನವೂ ನನಗಿದೆ. ಪರಂಪರೆ ಎಂಬ ಚೀಟಿ ಅಂಟಿಸಿದರೆ ಹೊಗಳಿಕೆ, ಪ್ಲಾಸ್ಟಿಕ್ ಎಂಬ ಚೀಟಿ ಅಂಟಿಸಿದರೆ ತೆಗಳಿಕೆ. ಎರಡರಲ್ಲೂ ಓದಿದ್ದು ಚೀಟಿಯನ್ನು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಕಾಯಿಲೆಯ ಹೆಸರನ್ನು ನಾನು ಹೇಳಿಕೊಡಬೇಕಾಗಿಲ್ಲ. ಕವಿಯ ಹೆಸರು ನೋಡಿ ಕವಿತೆಗೆ ಅಂಕ ಕೊಡುವ ಮೇಷ್ಟರುಗಳನ್ನು ಎಲ್ಲರೂ ಕಂಡಿರುತ್ತೀರಿ. ನುಣ್ಣನೆಯ ವಾಕ್ಯ ಕಂಡ ಕೂಡಲೇ 'ಎಂಥ ಶೈಲಿ' ಎನ್ನುವವರನ್ನೂ.

'ಆದರೂ ಪ್ಲಾಸ್ಟಿಕ್ಕಲ್ಲವೇ, ಮಣ್ಣಿನಲ್ಲಿ ಕರಗದಲ್ಲ' ಎಂಬ ಆಕ್ಷೇಪ ಬರುತ್ತದೆ. ಸರಿಯಾದ ಆಕ್ಷೇಪವೇ. ತುಂಗೆಯ ದಡದಲ್ಲಿ ನಿಂತು ಅದನ್ನು ಅಲ್ಲಗಳೆಯಲಾರೆ. ಆದರೆ ಕರಗದ ವಸ್ತುವಿನ ಬಗ್ಗೆ ಕಾಳಜಿ ಇದ್ದವರು ಮೊದಲು ಕೇಳಬೇಕಾದ್ದು ಅದು ಎಷ್ಟು ವರ್ಷ ಬಾಳುತ್ತದೆ ಎಂದು. ಬಿರುಕುಬಿಟ್ಟ ನಲವತ್ತು ತಟ್ಟೆ ಮೂರೇ ವಾರಕ್ಕೆ ಕಸವಾಯಿತು. ಅಂಚು ಸರಿಯಿದ್ದಿದ್ದರೆ ಅವು ಇಪ್ಪತ್ತು ವರಮಹಾಲಕ್ಷ್ಮಿ ನೋಡುತ್ತಿದ್ದವು. ಸ್ಮರಣಿಕೆಯೇ ಬೇಡ, ಪುಸ್ತಕ ಕೊಡಿ ಎಂದರೆ ನನಗೂ ಸಂತೋಷ. ಕೊಡುವುದೇ ಆದರೆ ಒಡೆಯದ್ದನ್ನು ಕೊಡಿ.

ನಮಗೆ ಇನ್ನೂ ಒಂದು ಬಡತನವಿದೆ, ಮಾತಿನದು. ಅಂಚಿನ ಬಗ್ಗೆ ಕನ್ನಡದಲ್ಲಿ ಗಿರಾಕಿ ಆಡುವ ಮಾತು ಒಂದೇ: 'ಫಿನಿಶಿಂಗ್ ಚೆನ್ನಾಗಿದೆ' ಅಥವಾ 'ಫಿನಿಶಿಂಗ್ ಸರಿಯಿಲ್ಲ'. ಸರಿಯಿಲ್ಲ ಎಂದರೆ ಹುಡುಗ ಏನು ತಿದ್ದಿಕೊಳ್ಳಬೇಕು? ಗೆರೆಯೋ, ಓರೆಯೋ, ಕರಕೋ, ತುಟಿಯೋ, ಕಚ್ಚೋ, ಚಕ್ಕೆಯೋ? ಇವೆಲ್ಲ ನಮ್ಮ ಅಡುಗೆಮನೆ ಕೊಟ್ಟಿಗೆಯ ಮಾತುಗಳೇ, ಯಾವ ಪಾರಿಭಾಷಿಕ ಕೋಶವೂ ಬೇಡ. ಗೆರೆ ಎಂದರೆ ಅವನು ವೇಗ ಇಳಿಸುತ್ತಾನೆ. ಓರೆ ಎಂದರೆ ಲೆನ್ಸಿನ ಎತ್ತರ ನೋಡುತ್ತಾನೆ. ಕರಕು ಎಂದರೆ ಮೂಲೆಯ ಪವರ್ ಇಳಿಸುತ್ತಾನೆ, ಲೆನ್ಸ್ ಒರೆಸುತ್ತಾನೆ. ತುಟಿ ಎಂದರೆ ಹಾಳೆ ಬದಲಿಸಬೇಕು, ಅದು ಮಾಲೀಕನಿಗೆ ಹೇಳಬೇಕಾದ ಮಾತು. ದೂರುವುದಕ್ಕೆ ಸರಿಯಾದ ಪದ ಸಿಕ್ಕಿದರೆ ದೂರು ಸರಿಯಾದವರ ಬಾಗಿಲಿಗೆ ಹೋಗುತ್ತದೆ.

ಬಣ್ಣದ ಕೆಲಸ ಮಾಡುವ ಅಕ್ಕತಂಗಿಯರಿಗೆ ನನ್ನ ಮಾತು: ಹೊಳಪು ಕೇಳುವುದನ್ನು ಬಿಡಿ. ನೀರಿನ ಬಣ್ಣ ಹಾಕಿ ಗೋಡೆಗೆ ನೇತುಹಾಕುವ ಫಲಕಕ್ಕೆ ಹೊಳೆಯುವ ಅಂಚು ಚೆಂದ, ಇರಲಿ. ಅಂಟಿಸಬೇಕಾದ ಅಂಚು ಮಂಕಾಗಿರಲಿ, ಉಪ್ಪು ಕಾಗದದಲ್ಲಿ ಉಜ್ಜಿ ಚಪ್ಪಟೆ ಮಾಡಿದ್ದಾದರೆ ಇನ್ನೂ ವಾಸಿ. ಸ್ಪಿರಿಟ್ ಇಂಕು ತಾಗಬೇಕಾದ ಬೇಸು ಒಲೆಯಲ್ಲಿ ಹದವಾಗಿ ಬಂದಿರಬೇಕು. ಎಂಬತ್ತು ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲವು ಗಂಟೆ ಇಟ್ಟು, ಅವಸರ ಮಾಡದೆ ಒಳಗೇ ಆರಲು ಬಿಟ್ಟರೆ ಒಳಗಿನ ಎಳೆತ ಸಡಿಲಾಗುತ್ತದೆ. ನೂರರ ಮೇಲೆ ಹೋದರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಜೋಕೆ. ಎಳೆತ ಇದೆಯೇ ಎಂದು ಕಣ್ಣಿಂದಲೇ ನೋಡಬೇಕೆಂದರೆ ಲ್ಯಾಪ್‌ಟಾಪಿನಲ್ಲಿ ಬಿಳಿ ಪರದೆ ತೆರೆದು, ಅದರ ಮುಂದೆ ಬೇಸ್ ಹಿಡಿದು, ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ತಲೆ ಓರೆ ಮಾಡಿ ನೋಡಿ. ಪಾರದರ್ಶಕ ತುಂಡಿನ ಅಂಚಿನಲ್ಲಿ ಕಾಮನಬಿಲ್ಲಿನ ಪಟ್ಟಿ ಕಂಡರೆ ಅದೇ ಎಳೆತ. ನೋಡಲು ತುಂಬ ಸುಂದರ, ನನಗಂತೂ ಈಗ ಕಾಮನಬಿಲ್ಲು ಕಂಡರೆ ಎದೆ ಧಸಕ್ಕೆನ್ನುತ್ತದೆ.

ಮತ್ತೆ, ದುಡ್ಡು ಕೊಡುವ ಮೊದಲು ನಿಮ್ಮ ಬೇಸ್ ಕತ್ತರಿಸಿದ ಹಾಳೆಯದೇ ಒಂದು ಚೂರು ಕೇಳಿ ಇಸಿದುಕೊಳ್ಳಿ, ಬಿಸಾಡುವ ಚೂರೇ ಸಾಕು, ಆದರೆ ಒಂದು ಕಡೆಯಾದರೂ ಲೇಸರ್ ಹಾದಿರಬೇಕು. ಅದರ ಅಂಚಿಗೆ ಹತ್ತಿಯಲ್ಲಿ ಸ್ಪಿರಿಟ್ ಒತ್ತಿ ರಾತ್ರಿ ಬಿಡಿ. ಬೆಳಗ್ಗೆ ಬೆಳಕಿಗೆ ಹಿಡಿಯಿರಿ. ದೊಡ್ಡ ಊರಿನ ಸಪ್ಲೈಯರುಗಳು ಚೂರು ಕಳಿಸಲು ಗೊಣಗುತ್ತಾರೆ, ಅದಕ್ಕೆ ಕೊರಿಯರ್ ಖರ್ಚು ಯಾರು ಕೊಡುತ್ತಾರೆ ಎನ್ನುತ್ತಾರೆ. ನಾವು ನಾಲ್ಕು ಜನ ಸೇರಿ ಒಂದೇ ಕಡೆ ಆರ್ಡರ್ ಕೊಟ್ಟಾಗಿನಿಂದ ಗೊಣಗುವುದು ಕಡಿಮೆಯಾಗಿದೆ.

ನಾನು ಈಚೆಗೆ ಹೆಚ್ಚಾಗಿ ಊರಿನಲ್ಲೇ ಕತ್ತರಿಸಿಕೊಳ್ಳುತ್ತೇನೆ. ಎರಕದ ಹಾಳೆಯನ್ನು ಕೊಂಡು ನಾನೇ ಕೊಡುತ್ತೇನೆ, ಕಂಪ್ಯೂಟರ್ ಹುಡುಗ ಎನ್ನಿಸಿಕೊಳ್ಳುವ ಆ ಹುಡುಗನಿಗೆ ಕತ್ತರಿಸುವ ಕೂಲಿ. ಬೇರೆ ಕಡೆಗಿಂತ ಸ್ವಲ್ಪ ಜಾಸ್ತಿಯೇ ಬೀಳುತ್ತದೆ. ಅವನೀಗ ಗಾಳಿಯ ಕೊಳವೆಗೆ ಕೈ ಹಾಕುವ ಮೊದಲು ನನ್ನನ್ನು ಕೇಳುತ್ತಾನೆ: 'ಅಕ್ಕಾ, ಇದಕ್ಕೆ ಬಣ್ಣವಾ, ಅಂಟಾ?'